ಇಸ್ಕ್ರಾ ತಲೆಯಾಡಿಸಿದ್ದು

ಮಾರ್ಚ್ 4, 2014

ನಮ್ಮ ವಾರ್ಡಿನ ನರ್ಸ್ ಸೆವ್ದಾ ಕೂಡ ಕೈಕೊಟ್ಟಳು. ನಿನ್ನೆ ರಾಷ್ಟ್ರೀಯ ಹಬ್ಬದ ರಜೆ. ಇವತ್ತು ಬೆಳಗ್ಗೆ ಏಳಕ್ಕೆ ಡ್ಯೂಟಿಗೆ ಬರುತ್ತಾಳೆ ಅಂತ ಕಾದರೆ ಅವಳ ಬದಲು ಅವಳ ಅತ್ತೆ ಬಂದರು. ಒಂದು ಕೈಯಲ್ಲಿ ರಾಜೀನಾಮೆ ಪತ್ರ, ಇನ್ನೊಂದು ಕೈಯಲ್ಲಿ ಚೀಸ್ ತುಂಬಿದ ಬನಿತ್ಸಾ ಡಬ್ಬಿ. ಸೊಸೆ ಆಗಲೇ ಮ್ಯೂನಿಕ್ ಬಸ್ಸಿನಲ್ಲಿದ್ದಳಂತೆ. ಬನಿತ್ಸಾ ಇನ್ನೂ ಬಿಸಿಯಾಗಿತ್ತು. ಮಲಿನಾ ಎರಡು ತುಂಡು ತಿಂದಳು. ನಾನು ಮುಟ್ಟಲಿಲ್ಲ.

ಜನವರಿ ಒಂದಕ್ಕೆ ಜರ್ಮನಿ ನಮ್ಮವರಿಗೆ ಬಾಗಿಲು ತೆರೆದಾಗ ಟಿವಿಯಲ್ಲಿ ಪಟಾಕಿ ಹೊಡೆದರು. ಇನ್ನು ಪರ್ಮಿಟ್ ಬೇಡ, ಯಾರು ಬೇಕಾದರೂ ಹೋಗಿ ದುಡಿಯಬಹುದು. ಎರಡೇ ತಿಂಗಳಿಗೆ ನಮ್ಮ ವಾರ್ಡಿನಲ್ಲಿ ಏಳು ಜನ ಇದ್ದವರು ಐದಾದೆವು. ನಿಯಮದ ಪ್ರಕಾರ ಐದಕ್ಕಿಂತ ಒಬ್ಬಳು ಕಡಿಮೆಯಾದರೂ ವಾರ್ಡಿಗೆ ಬೀಗ. ಆಮೇಲೆ ಎದೆನೋವು ಬಂದವರು ಅರವತ್ತು ಕಿಲೋಮೀಟರ್ ಹಳ್ಳಕೊಳ್ಳದ ರಸ್ತೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಅಲ್ಲಿಯವರೆಗೆ ಎದೆ ತಡೆದರೆ.

ಆ ಐವರು ಯಾರು? ಮುಖ್ಯ ನರ್ಸ್ ಆದ ನಾನು. ಮಂಡಿನೋವಿನ ಮಲಿನಾ. ಇವತ್ತೋ ನಾಳೆಯೋ ನಿವೃತ್ತಿ ಅನ್ನುವ ಇನ್ನಿಬ್ಬರು. ಮತ್ತೆ ಇಸ್ಕ್ರಾ, ಇಪ್ಪತ್ತೇಳು ವರ್ಷ, ನಮ್ಮಲ್ಲಿ ಮೆಟ್ಟಿಲನ್ನು ಓಡಿ ಹತ್ತುವವಳು ಅವಳೊಬ್ಬಳೇ.

ಹಾಸಿಗೆಗಳು ಮಾತ್ರ ಹೊಸವು. ಯುರೋಪಿನ ಅನುದಾನದಲ್ಲಿ ಬಂದವು, ಗುಂಡಿ ಒತ್ತಿದರೆ ತಲೆ ಮೇಲೇಳುತ್ತದೆ. ಮಂಚ ಕೊಟ್ಟರು, ಹೊದಿಕೆ ಬದಲಿಸುವವರನ್ನು ಕರೆದುಕೊಂಡು ಹೋದರು. ಓಡಿಹೋದವರ ಹೆಸರನ್ನು ಇನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ನಾನೂ ಜರ್ಮನಿಯ ಲೈಪ್ಸಿಗ್‌ನಲ್ಲಿ ಮೂರು ವರ್ಷ ಕಲಿತವಳೇ. ಸರ್ಕಾರ ಕಳಿಸಿತ್ತು, ಹೋದೆ, ಕಲಿತೆ, ವಾಪಸ್ ಬಂದೆ. ವಾಪಸ್ ಬರಲು ನನಗೇನು ಕಾಲು ಮುರಿದಿತ್ತೇ?

ಮಾರ್ಚ್ 19

ಇಸ್ಕ್ರಾ ಬ್ಯಾಂಡೇಜ್ ಬಿಚ್ಚುತ್ತ ಏನೋ ಗೊಣಗುತ್ತಿದ್ದಳು. ಹಾಸಿಗೆಯಲ್ಲಿದ್ದ ಅಜ್ಜಿ ನನ್ನನ್ನು ಕರೆದು, "ವೆನೆತಾ, ಈ ಹುಡುಗಿ ನನ್ ಕಾಲು ನೋಡಿ ಮಂತ್ರ ಹೇಳ್ತಾ ಇದ್ದಾಳೆ. ಅಷ್ಟೊಂದು ಕೆಟ್ಟೋಗಿದ್ಯಾ?" ಅಂತ ಕೇಳಿದರು. ಹತ್ತಿರ ಹೋಗಿ ಕಿವಿಗೊಟ್ಟೆ. ಮೊಣಕಾಲು, ಹಿಮ್ಮಡಿ, ಹೆಬ್ಬೆರಳು. ಎಲ್ಲ ಜರ್ಮನ್‌ನಲ್ಲಿ.

ಹಿಮ್ಮಡಿ ಅನ್ನುವ ಪದಕ್ಕೆ ತಪ್ಪು ಲಿಂಗ ಹಾಕಿದ್ದಳು, ಅವರಲ್ಲಿ ಅದು ಸ್ತ್ರೀಲಿಂಗ. ತಿದ್ದಲಿಲ್ಲ.

ಮಾರ್ಚ್ 20

ಬೆಳಗಿನಿಂದ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅವಳೂ ಕೇಳಲಿಲ್ಲ. ಇರಲಿ.

ಏಪ್ರಿಲ್ 2

ನರ್ಸ್‌ಗಳನ್ನು ಆರಿಸಲು ಜರ್ಮನ್ ಏಜೆನ್ಸಿಯ ಹೆಂಗಸೊಬ್ಬರು ಹನ್ನೊಂದನೇ ತಾರೀಖು ನಮ್ಮ ಊರಿಗೇ ಬರುತ್ತಾರಂತೆ, ಊರ ವಾಚನಾಲಯದ ಹಾಲ್‌ನಲ್ಲಿ ಸಂದರ್ಶನ. ಸುತ್ತಲ ಮೂರು ಊರಿನಿಂದ ಒಂಬತ್ತು ಜನ ಹೆಸರು ಕೊಟ್ಟಿದ್ದಾರೆ. ನಮ್ಮ ಬ್ರೆಸ್ತಾ ಊರಿನಲ್ಲಿ ಸರಿಯಾಗಿ ಜರ್ಮನ್ ಬರುವುದು ನನಗೊಬ್ಬಳಿಗೇ, ಆದ್ದರಿಂದ ದುಭಾಷಿಯಾಗಿ ಕೂರಬೇಕು ಅಂತ ಪುರಸಭೆಯಿಂದ ಫೋನ್. ಕೂರುತ್ತೇನೆ ಅಂದೆ.

ಎಪ್ಪತ್ತೊಂದು ವರ್ಷವಾದರೂ ನಿವೃತ್ತಿ ತೆಗೆದುಕೊಳ್ಳದ ನಮ್ಮ ಡಾಕ್ಟರ್ ಗಾಂಚೆವ್ ಕನ್ನಡಕದ ಮೇಲಿಂದ ನೋಡಿದರು. "ಏನ್ ವೆನೆತಾ, ಹೆಣ್ಣು ನೋಡೋಕೆ ಬರೋರಿಗೆ ಕಾಫಿ ಕೊಡೋ ಕೆಲ್ಸ ಒಪ್ಕೊಂಡ್ಯಂತೆ."

"ಕಾಫಿಗೆ ಉಪ್ಪು ಹಾಕ್ತೀನಿ ಡಾಕ್ಟ್ರೇ."

"ಹಾಕು. ಅವ್ರು ಸಕ್ಕರೆ ಇಲ್ಲದೇನೇ ಕುಡಿಯೋದು, ಗೊತ್ತೂ ಆಗಲ್ಲ."

ಏಪ್ರಿಲ್ 11

ಸಂದರ್ಶನ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬಂದಾಕೆಯ ಹೆಸರು ಶ್ರೀಮತಿ ಹೋಲ್ಟ್ಸ್. ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ಆಕೆ ನೋಡಿದರೆ ನನ್ನ ವಯಸ್ಸಿನ, ಕಾಲು ಊದಿದ ಹಳೇ ನರ್ಸ್. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತ ಕಾಲು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಥವರ ಮೇಲೆ ರೇಗುವುದು ಕಷ್ಟ. ಆದರೂ ರೇಗಿಕೊಂಡೇ ಕೂತಿದ್ದೆ.

ಆಕೆಯ ಷರತ್ತು ಒಂದೇ. ಮಧ್ಯದ ಪ್ರಶ್ನೆಗಳಿಗೆ ನಾನು ಸಹಾಯ ಮಾಡಬಹುದು, ಕೊನೆಯ ಪ್ರಶ್ನೆಗೆ ಮಾತ್ರ ಹುಡುಗಿಯೇ ಉತ್ತರ ಕೊಡಬೇಕು, ನಾನು ಬಾಯಿ ಹಾಕಕೂಡದು.

ಇಸ್ಕ್ರಾ ಏಳನೆಯವಳು. ಬಿಳಿ ಬ್ಲೌಸ್ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. ರಕ್ತದೊತ್ತಡ, ಇಂಜೆಕ್ಷನ್, ಸಕ್ಕರೆ ಕಾಯಿಲೆ, ಎಲ್ಲದಕ್ಕೂ ತಡವರಿಸುತ್ತ ಸರಿಯಾಗಿಯೇ ಹೇಳಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಶ್ರೀಮತಿ ಹೋಲ್ಟ್ಸ್ ಕೇಳಿದರು: ಸೆಪ್ಟೆಂಬರಿಗೆ ಕೆಲಸ ಶುರು, ಮೊದಲ ಆರು ತಿಂಗಳು ಮಗಳನ್ನು ಇಲ್ಲೇ ಬಿಟ್ಟು ಬರಬೇಕು, ಸಿದ್ಧವಾಗಿದ್ದೀಯಾ?

ಅವಳ ಮಗಳು ಸಿಯಾಗೆ ಆರು ವರ್ಷ. ಇಸ್ಕ್ರಾ ಬಾಯಿ ತೆರೆದಳು, ಮಾತು ಬರಲಿಲ್ಲ. ಕಣ್ಣು ತುಂಬಿಕೊಂಡು ತಲೆಯನ್ನು ನಿಧಾನವಾಗಿ ಅತ್ತಿಂದಿತ್ತ ಆಡಿಸಿದಳು. ಒಂದಲ್ಲ, ಮೂರು ಸಲ.

ನಮ್ಮಲ್ಲಿ ಹಾಗೆ ಅಡ್ಡ ಆಡಿಸಿದರೆ ಹೌದು. ಅವರಲ್ಲಿ ಇಲ್ಲ.

ಶ್ರೀಮತಿ ಹೋಲ್ಟ್ಸ್ ಮುಖ ಮೆತ್ತಗಾಯಿತು. "ಅರ್ಥವಾಗುತ್ತೆ ಮಗೂ" ಅಂತ ಜರ್ಮನ್‌ನಲ್ಲಿ ಹೇಳಿ ಕಾಗದದ ಮೇಲೆ ಗುರುತು ಹಾಕಿದರು. ಗುರುತು ಯಾವ ಕಡೆ ಬಿತ್ತು ಅಂತ ನಾನು ನೋಡಿದೆ. ಇಸ್ಕ್ರಾ ಆ "ಅರ್ಥವಾಗುತ್ತೆ"ಯನ್ನು ಒಪ್ಪಿಗೆ ಅಂದುಕೊಂಡು, ಕಣ್ಣೊರೆಸಿಕೊಂಡು ನಗುತ್ತ ಎದ್ದುಹೋದಳು. ನಗು ಕಂಡು ಆಕೆ ನನ್ನ ಕಡೆ ಬಾಗಿ, "ನೋಡಿ, ಬೇಡ ಅಂದ ಮೇಲೆ ಹೇಗೆ ಹಗುರವಾದಳು" ಅಂದರು.

ನಾನು ಎಂಟನೆಯವಳನ್ನು ಕರೆದೆ.

ಏಪ್ರಿಲ್ 12

ನಾನು ಸುಳ್ಳು ಹೇಳಿಲ್ಲ. ಬಾಯಿ ಹಾಕಬೇಡಿ ಅಂದರು, ಹಾಕಲಿಲ್ಲ. ವಾರ್ಡಿನಲ್ಲಿ ಐದು ಜನ ಇದ್ದೇವೆ, ಊರು ಉಳಿಯಿತು. ಇದರಲ್ಲಿ ಯಾರಿಗೂ ನಾನು ಉತ್ತರ ಕೊಡಬೇಕಾಗಿಲ್ಲ.

ಮೇ 6

ಸಂತ ಜಾರ್ಜನ ಹಬ್ಬ. ಊರೆಲ್ಲ ಕುರಿ ಸುಟ್ಟ ವಾಸನೆ. ಇಟಲಿ, ಸ್ಪೇನ್ ದುಡ್ಡಿನಲ್ಲಿ ಕಟ್ಟಿದ ಮನೆಗಳಲ್ಲಿ ವರ್ಷಕ್ಕೊಮ್ಮೆ ಕಿಟಕಿ ತೆರೆಯುವುದು ಇವತ್ತೇ.

ಒಂಬತ್ತರಲ್ಲಿ ಆರು ಜನಕ್ಕೆ ಪತ್ರ ಬಂತು. ಇಸ್ಕ್ರಾಗೆ ಬಂದದ್ದು ಎರಡೇ ಸಾಲು, ಧನ್ಯವಾದ, ಶುಭವಾಗಲಿ. ತನ್ನ ಜರ್ಮನ್ ಸಾಲದೆ ಹೀಗಾಯಿತು ಅಂದುಕೊಂಡಿದ್ದಾಳೆ. ಔಷಧಿ ಕೋಣೆಯಲ್ಲಿ ನಿಂತು ನನ್ನ ಹತ್ತಿರ ಕೇಳಿದಳು: "ವೆನೆತಕ್ಕ, ನಂಗೆ ನೀವೇ ಹೇಳ್ಕೊಡ್ತೀರಾ? ಮುಂದಿನ್ ವರ್ಷ ಇನ್ನೊಂದ್ಸಲ ಕೂರ್ತೀನಿ."

"ಓಡಿಹೋಗೋಕೆ ನಾನೇ ದಾರಿ ತೋರಿಸ್ಬೇಕಾ?"

"ಓಡೋದಾದ್ರೆ ಹೇಳ್ದೇ ಕೇಳ್ದೇ ಓಡ್ತಿದ್ದೆ. ನಿಮ್ಮನ್ ಬಂದು ಕೇಳ್ತಿದ್ನಾ?"

ಒಪ್ಪಿಕೊಂಡೆ. ಕಲಿಸಿದರೆ ಕಳೆದುಹೋಗುವುದೇನು, ಈ ವರ್ಷವಂತೂ ಹೋಗುವ ಹಾಗಿಲ್ಲ. ಮಂಗಳವಾರ, ಶುಕ್ರವಾರ, ಮಧ್ಯಾಹ್ನದ ಊಟ ಆದ ಮೇಲೆ.

ಮೇ 27

ಹುಡುಗಿ ಚುರುಕು. ನಾನು ಲೈಪ್ಸಿಗ್‌ನಲ್ಲಿ ಒಂದು ತಿಂಗಳು ತಿಣುಕಾಡಿದ್ದನ್ನು ಮೂರು ಪಾಠಕ್ಕೆ ಕಲಿತಳು.

ಯಾಕೆ ಹೋಗಬೇಕು ಅಂತ ಇವತ್ತು ಕೇಳಿಯೇಬಿಟ್ಟೆ. ಸಂಬಳ ಅನ್ನುತ್ತಾಳೆ ಅಂದುಕೊಂಡಿದ್ದೆ. "ಸಂಬಳ ಇದ್ದೇ ಇದೆ ಅಕ್ಕ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಡಯಾಲಿಸಿಸ್ ಕಲೀಬೇಕು. ಕಿಡ್ನಿ ಕೆಟ್ಟಿರೋ ನಮ್ಮೂರ ಮಿತ್ಕೋ ಮಾವ ವಾರಕ್ಕೆ ಮೂರ್ ದಿನ ಬೆಳಗ್ಗೆ ನಾಕಕ್ಕೆದ್ದು ವ್ಯಾನ್ ಹತ್ತಿ ಜಿಲ್ಲೆಗೋಗ್ತಾರೆ. ಬರೋವಾಗ ಹೆಣ ಆಗಿರ್ತಾರೆ. ನಂಗೆ ಅವ್ರ ಸೂಜಿ ಜಾಗ ಒರೆಸೋಕೆ ಬರುತ್ತೆ, ಅಷ್ಟೇ. ಐದ್ ವರ್ಷದಿಂದ ಒರೆಸ್ತಾನೇ ಇದ್ದೀನಿ."

ಇದನ್ನು ಇಲ್ಲೇ ಕಲಿಸಬಹುದಲ್ಲ ಅನ್ನಿಸಿ ಡೈರೆಕ್ಟರ್ ಪೆಂಚೆವ್ ಹತ್ತಿರ ಹೋದೆ. ಮೂರು ತಿಂಗಳು ಸೋಫಿಯಾಗೆ ತರಬೇತಿಗೆ ಕಳಿಸಿ ಅಂದೆ. ಅವನು ನಕ್ಕ. "ಸಿಸ್ಟರ್, ಕಲ್ತ್ ಮೇಲೆ ಇನ್ನೂ ಬೇಗ ಹೋಗ್ತಾಳೆ. ಕಲೀದೇ ಇರ್ಲಿ, ಇಲ್ಲೇ ಇರ್ಲಿ." ಅರ್ಜಿ ಬರೆದುಕೊಟ್ಟೆ. ಅದೇ ಕಾಗದದ ಮೇಲೆ "ಸಾಧ್ಯವಿಲ್ಲ" ಅಂತ ಬರೆದು ವಾಪಸ್ ಕೊಟ್ಟ. ಮಾರ್ಚ್‌ನಲ್ಲಿ ಖಾಲಿಯಾದ ಜಾಗಕ್ಕೆ ಜಾಹೀರಾತು ಯಾವಾಗ ಅಂತ ಕೇಳಿದರೆ, ಅದಕ್ಕೂ ನಗು. ಈ ಮನುಷ್ಯನಿಗೆ ನಗುವುದಕ್ಕೇ ಸಂಬಳ ಕೊಡುತ್ತಾರೋ ಏನೋ.

ಜೂನ್ 13

ಇವತ್ತಿನ ಪಾಠ ಕೆಟ್ಟಿತು.

ಅಂಗಡಿಯಲ್ಲಿ ಮಾತಾಡುವುದನ್ನು ಹೇಳಿಕೊಡುತ್ತಿದ್ದೆ. ಮಾತಿಗೆ ಮಾತು ಬಂದು ಲೈಪ್ಸಿಗ್ ಕ್ಯಾಂಟೀನಿನ ಕಥೆ ಹೇಳಿದೆ. ಸೂಪ್ ಬೇಕಾ ಅಂತ ಬಡಿಸುವಾಕೆ ಕೇಳುವುದು, ನಾನು ನಮ್ಮ ರೂಢಿಯಲ್ಲಿ ತಲೆ ಅಡ್ಡ ಆಡಿಸುವುದು, ಆಕೆ ಸೌಟು ಎತ್ತಿಕೊಂಡು ಮುಂದಕ್ಕೆ ಹೋಗುವುದು. ನಾಲ್ಕು ದಿನ ಒಣ ಬ್ರೆಡ್ ತಿಂದೆ, ಇವರಿಗೆ ನಮ್ಮನ್ನು ಕಂಡರೆ ಆಗದು ಅಂತ ಅಳುತ್ತ. ಆಮೇಲೆ ಸಿನಿಮಾಕ್ಕೆ ಬರ್ತೀಯಾ ಅಂದ ಹುಡುಗನಿಗೆ ಬೇಡ ಅಂತ ತಲೆ ಮೇಲಕ್ಕೆತ್ತಿ ಕೆಳಗಿಳಿಸಿದೆ, ಅವನು ಕುಣಿಯುತ್ತ ಹೋಗಿ ಟಿಕೆಟ್ ತಂದ.

ಇಸ್ಕ್ರಾ ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ಹಾಗೇ ನಿಂತಳು.

"ಅಕ್ಕ. ಅವತ್ತು ನಾನೂ ಹಿಂಗೇ ಆಡಿಸಿದ್ದೆ."

ನಾನು ಪುಸ್ತಕದ ಹಾಳೆ ತಿರುಗಿಸಿದೆ.

"ನೀವು ಪಕ್ಕದಲ್ಲೇ ಕೂತಿದ್ರಲ್ಲ. ನಿಮ್ಗೆ ಗೊತ್ತಿತ್ತಲ್ಲ."

"ಬಾಯಿ ಹಾಕ್ಬೇಡಿ ಅಂದಿದ್ರು."

"ಆಮೇಲೆ? ಎರಡು ತಿಂಗ್ಳು? ಇಷ್ಟ್ ದಿನ ಪಾಠ ಹೇಳ್ಕೊಡ್ತಾ ಇದ್ರಲ್ಲ, ಆವಾಗ್ಲೂ ಬಾಯಿ ಹಾಕ್ಬೇಡಿ ಅಂದಿದ್ರಾ?" ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. "ಈ ವಾರ್ಡಿಗೆ ಹೊಸ ಮಂಚ ಬಂದಾಗ ಅವಕ್ಕೆ ನಂಬರ್ ಹಾಕಿದ್ರಿ. ನಂಗೂ ಒಂದು ಹಾಕ್ಬಿಡಿ."

ಎದ್ದು ಹೋದಳು. ಚೀಲ ಬಿಟ್ಟು ಹೋಗಿದ್ದಾಳೆ.

ಈ ಕಥೆ ಇವತ್ತೇ ಯಾಕೆ ನೆನಪಾಯಿತೋ ಗೊತ್ತಿಲ್ಲ. ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಜೂನ್ 14

ಚೀಲ ಅವಳ ಬೀರುವಿನಲ್ಲಿಟ್ಟೆ. ಮಾತಿಲ್ಲ.

ಜೂನ್ 17

ಮಾತಿಲ್ಲ. ಪಾಠಕ್ಕೆ ಬರಲಿಲ್ಲ. ನಾನು ಮಾತ್ರ ಔಷಧಿ ಕೋಣೆಯಲ್ಲಿ ಅರ್ಧ ಗಂಟೆ ಪುಸ್ತಕ ತೆರೆದು ಕೂತಿದ್ದೆ. ಮಲಿನಾ ಇಣುಕಿ ನೋಡಿ, "ಯಾರಿಗೆ ಪಾಠ, ಗೋಡೆಗಾ?" ಅಂದಳು.

ಜೂನ್ 23

ಶ್ರೀಮತಿ ಹೋಲ್ಟ್ಸ್‌ಗೆ ಪತ್ರ ಬರೆದೆ. ಮೂರು ಸಲ ಹರಿದು ನಾಲ್ಕನೆಯದನ್ನು ಅಂಚೆಗೆ ಹಾಕಿದೆ. ಏಪ್ರಿಲ್ ಹನ್ನೊಂದರಂದು ಏಳನೆಯ ಅಭ್ಯರ್ಥಿ ಕೊಟ್ಟ ಉತ್ತರ ಹೌದು. ನಮ್ಮ ದೇಶದಲ್ಲಿ ತಲೆ ಹಾಗೆ ಆಡಿಸುತ್ತೇವೆ. ಅದು ನನಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ. ಯಾಕೆ ಅಂತ ಬರೆಯಲಿಲ್ಲ. ಆಕೆಯೂ ವಾರ್ಡಿನಲ್ಲಿ ನಿಂತವಳು, ತಿಳಿದುಕೊಳ್ಳುತ್ತಾಳೆ.

ಇದು ಇಸ್ಕ್ರಾಗಾಗಿ ಅಲ್ಲ. ತಪ್ಪು ದಾಖಲೆ ನನಗೆ ಮೊದಲಿಂದಲೂ ಆಗದು.

ಜುಲೈ 16

ಉತ್ತರ ಬಂತು, ನನಗಲ್ಲ, ನೇರವಾಗಿ ಇಸ್ಕ್ರಾಗೆ. ಜಾಗ ಇನ್ನೂ ಇದೆ, ಡಯಾಲಿಸಿಸ್ ಘಟಕದಲ್ಲೇ. ಜುಲೈ ಕೊನೆಯೊಳಗೆ ಮೂಲ ಡಿಪ್ಲೊಮಾ ಸೋಫಿಯಾದ ಕಚೇರಿಯಲ್ಲಿ ತೋರಿಸಬೇಕು. ಪತ್ರದ ಕೊನೆಗೆ ನನಗೊಂದು ಸಾಲು: "ಸಿಸ್ಟರ್ ವೆನೆತಾ ಅವರಿಗೆ ಹೇಳಿ, ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಅಷ್ಟು ಬೇಗ ಪತ್ರ ಬರೆಯುತ್ತಿರಲಿಲ್ಲ."

ಇಸ್ಕ್ರಾ ಅದನ್ನು ಓದಿ ಹೇಳಿದಳು, ತಿಂಗಳ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು. ಓದುವಾಗ ಒಂದೂ ತಪ್ಪು ಮಾಡಲಿಲ್ಲ.

ಈಗ ತೊಡಕಿರುವುದು ಡಿಪ್ಲೊಮಾದಲ್ಲಿ. ಕೆಲಸಕ್ಕೆ ಸೇರುವಾಗ ಮೂಲ ಡಿಪ್ಲೊಮಾ ಆಸ್ಪತ್ರೆಗೆ ಒಪ್ಪಿಸುವುದು ಇಲ್ಲಿನ ಹಳೇ ಪದ್ಧತಿ. ಕಬ್ಬಿಣದ ಬೀರು, ಬೀಗದ ಕೈ ಮುಖ್ಯ ನರ್ಸ್ ಹತ್ತಿರ. ನೋಟರಿಗೆ ತೋರಿಸಬೇಕು ಅಂತ, ಮಾರ್ಚ್‌ನಲ್ಲಿ ಓಡಿಹೋದವಳು ಫೆಬ್ರವರಿಯಲ್ಲಿ ಇಸಿದುಕೊಂಡು ಹೋದದ್ದು ವಾಪಸ್ ಬರಲಿಲ್ಲ. ಅವತ್ತಿನಿಂದ ತನ್ನ ಅಪ್ಪಣೆ ಇಲ್ಲದೆ ಒಂದೂ ಹೊರಗೆ ಹೋಗಕೂಡದು ಅಂತ ಡೈರೆಕ್ಟರ್ ಹೇಳಿದ್ದಾನೆ. ಆಗ ನಾನೇ ಚೆನ್ನಾಗಿ ಹೇಳಿದಿರಿ ಅಂದಿದ್ದೆ.

ಜುಲೈ 18

ಡೈರೆಕ್ಟರ್ ಕರೆಸಿದ. ಅಪರೂಪಕ್ಕೆ ಕುರ್ಚಿ ಕೊಟ್ಟ.

"ಸೆಪ್ಟೆಂಬರ್ ಒಂದಕ್ಕೆ ಆರೋಗ್ಯ ಸಚಿವಾಲಯದ ಸಮಿತಿ ಬಂದು ತಲೆ ಎಣಿಸುತ್ತೆ. ಐದಿದ್ರೆ ವಾರ್ಡ್ ಉಳೀತು. ಆ ಹುಡ್ಗೀಗೆ ಡಿಪ್ಲೊಮಾ ಸಿಗ್ತಾ ಇಲ್ಲ, ಹುಡುಕ್ತಾ ಇದ್ದೀನಿ ಅನ್ನಿ. ಎರಡೇ ವಾರ. ಅವರ ಗಡುವು ಮುಗಿದ್ಮೇಲೆ ಸಿಕ್ಕೇ ಸಿಗುತ್ತೆ."

"ಸುಳ್ಳು ಹೇಳು ಅಂತೀರಾ."

"ಸುಳ್ಳಲ್ಲ ಸಿಸ್ಟರ್, ಹಳೇ ಬೀರು, ಕಾಗದ ಹಿಂದೆ ಮುಂದೆ ಆಗಿರುತ್ತೆ. ನಿಮ್ಮಷ್ಟು ಈ ವಾರ್ಡಿಗೆ ದುಡಿದೋರು ಯಾರಿದ್ದಾರೆ? ಓಡಿಹೋಗೋರಿಗೆ ಕಾಲು ಮುರೀಬೇಕು ಅಂತ ಮಾರ್ಚ್‌ನಲ್ಲಿ ಇಲ್ಲೇ ನಿಂತು ಹೇಳಿದ್ರಿ."

ಹೇಳಿದ್ದೆನಾ? ಹೇಳಿರಬಹುದು.

ಬರುವಾಗ ಮಿತ್ಕೋ ವ್ಯಾನಿನಿಂದ ಇಳಿಯುತ್ತಿದ್ದ. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಊರಲ್ಲಿ ಸುದ್ದಿ ಹಬ್ಬಿದೆ. "ವೆನೆತಾ, ಆ ಹುಡ್ಗಿ ಹೋದ್ರೆ ನನ್ ಗತಿಯೇನು ಹೇಳು. ಉಸಿರು ಕಟ್ದಾಗ ನಾನೆಲ್ಲಿಗ್ ಬರ್ಲಿ?" ಅಂತ ಕೇಳಿದ.  ಅವನು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅವಳು ಕೇಳುತ್ತಿರುವುದರಲ್ಲೂ ಇಲ್ಲ. ಇಬ್ಬರನ್ನೂ ನನ್ನ ತಲೆಗೆ ಕಟ್ಟಿ, ಉತ್ತರ ಕೊಡಬೇಕಾದವರು ಮೂರನೇ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ. 

ಜುಲೈ 21

ಬೆಳಗ್ಗೆ ಎಂಟಕ್ಕೆ, ಎಲ್ಲರೂ ಡ್ಯೂಟಿ ಬದಲಿಸುವ ಹೊತ್ತಿಗೆ, ಬೀರು ತೆಗೆದೆ. ಕದ್ದುಮುಚ್ಚಿ ಕೊಡಲು ನನಗೇನು ಹೆದರಿಕೆ? ಇಸ್ಕ್ರಾಳನ್ನು ಕರೆದು ಅವಳ ಡಿಪ್ಲೊಮಾ ಕೈಗಿಟ್ಟೆ. ಮಲಿನಾಳದೂ ಕೊಟ್ಟೆ. ಉಳಿದಿಬ್ಬರದೂ ಕೊಟ್ಟೆ. ನನ್ನದನ್ನು ನಾನೇ ಚೀಲಕ್ಕೆ ಹಾಕಿಕೊಂಡೆ, ಲೈಪ್ಸಿಗ್ ಮುದ್ರೆ ಇನ್ನೂ ಕೆಂಪಗಿದೆ.

"ನಂಗ್ಯಾಕೆ ಇದು?" ಅಂದಳು ಮಲಿನಾ. "ಈ ಮಂಡೀಲಿ ನಾನು ಬಸ್ ಸ್ಟ್ಯಾಂಡಿಗೂ ಹೋಗಲ್ಲ."

"ಓದಿದ್ದು ನೀನು. ಮನೇಲಿ ಇಟ್ಕೋ."

ಇಸ್ಕ್ರಾ ಕಾಗದವನ್ನೇ ನೋಡುತ್ತಿದ್ದಳು. "ಅಕ್ಕ, ನಾನ್ ಹೋದ್ರೆ ವಾರ್ಡು..."

"ಅದು ನಿನ್ ತಲೆನೋವಲ್ಲ."

"ಕಲ್ತು ವಾಪಸ್ ಬರ್ತೀನಿ ಅಂತ ನಿಮ್ಗೆ ಸುಳ್ಳು ಹೇಳಲ್ಲ. ಬರ್ಬೋದು. ಬರದೇನೂ ಇರ್ಬೋದು."

"ನಾನ್ ಕೇಳಿದ್ನಾ?"

ಕೇಳಬೇಕು ಅಂತ ಇತ್ತು. ಕೇಳಲಿಲ್ಲ.

ಆಗಸ್ಟ್ 24

ಇಸ್ಕ್ರಾ ಹೊರಟಳು. ಹೊರಡುವವರ ಮುಂದೆ ನೀರು ಚೆಲ್ಲುವುದು ನಮ್ಮ ಪದ್ಧತಿ, ಕೆಲಸ ನೀರಿನ ಹಾಗೆ ಸರಾಗವಾಗಿ ಹರಿಯಲಿ ಅಂತ. ಅವಳ ಅಮ್ಮ ಅಳುತ್ತ ನಿಂತುಬಿಟ್ಟಿದ್ದರು, ನಾನೇ ವಾರ್ಡಿನ ಎನಾಮಲ್ ಜಗ್ ತುಂಬಿಸಿಕೊಂಡು ಹೋಗಿ ಬಸ್ಸಿನ ಬಾಗಿಲಲ್ಲಿ ಸುರಿದೆ. ಸಿಯಾ ಆ ನೀರಿನಲ್ಲಿ ಕಾಲಿಟ್ಟು ಕುಣಿದಳು. ಡ್ರೈವರ್, "ಮೆಟ್ಲು ಜಾರುತ್ತಮ್ಮ, ಇಡೀ ಜಗ್ ಸುರೀಬೇಕಾಗಿತ್ತಾ?" ಅಂತ ಬೈದ.

ಸುರಿಯಬೇಕಾಗಿತ್ತು. ನಮ್ಮ ಹುಡುಗಿ.

ಸೆಪ್ಟೆಂಬರ್ 1

ಸಮಿತಿಯಿಂದ ಮೂವರು ಬಂದರು. ಎಣಿಸಿದರು. ನಾಲ್ಕು. ಎಣಿಸಲು ಅರ್ಧ ನಿಮಿಷ ಸಾಕಾಯಿತು, ಕಾಗದ ಬರೆಯಲು ಎರಡು ಗಂಟೆ.

ಕೊನೆಗೆ ನನ್ನ ಮುಂದಿಟ್ಟರು. "ಸಿಬ್ಬಂದಿ ವಿದೇಶಕ್ಕೆ ವಲಸೆ ಹೋದ ಕಾರಣ ಒಳರೋಗಿ ವಾರ್ಡನ್ನು ಮುಚ್ಚಲು ಶಿಫಾರಸು." ಕೆಳಗೆ ಮುಖ್ಯ ನರ್ಸ್ ಸಹಿ.

"ಈ ಸಾಲು ಸುಳ್ಳು. ಸಹಿ ಹಾಕಲ್ಲ," ಅಂದೆ.

ಅಧ್ಯಕ್ಷರು ತಾಳ್ಮೆಯ ಮನುಷ್ಯ. "ಹುಡುಗಿ ಹೋಗಿದ್ದು ಸುಳ್ಳಾ ಸಿಸ್ಟರ್?"

"ಹೋಗಿದ್ದು ನಿಜ. ವಾರ್ಡ್ ಮುಚ್ತಾ ಇರೋದು ಅದಕ್ಕಲ್ಲ. ಮಾರ್ಚ್‌ನಲ್ಲಿ ಒಂದು ಜಾಗ ಖಾಲಿ ಆಯ್ತು. ಆರು ತಿಂಗ್ಳಲ್ಲಿ ಒಂದು ಜಾಹೀರಾತು ಕೊಟ್ಟಿದ್ರೆ ತೋರ್ಸಿ. ತರಬೇತಿಗೆ ಕಳ್ಸಿ ಅಂತ ಅರ್ಜಿ ಕೊಟ್ಟೆ, ಸಾಧ್ಯವಿಲ್ಲ ಅಂತ ಬರೆದ ಕಾಗದ ನನ್ನ ಹತ್ರ ಇದೆ." ಮೇಜಿನ ಮೇಲಿಟ್ಟೆ.

ಡೈರೆಕ್ಟರ್‌ಗೆ ಮೊದಲ ಸಲ ನಗು ಬರಲಿಲ್ಲ. "ಡಿಪ್ಲೊಮಾ ಕೊಟ್ಟು ಕಳ್ಸಿದ್ದು ಈಕೇನೇ ಸಾರ್. ನನ್ನ ಅಪ್ಪಣೆ ಇಲ್ದೆ."

"ನಿಜಾನಾ ಸಿಸ್ಟರ್?"

"ನಾನೇ ಕೊಟ್ಟೆ. ಬರ್ಕೊಳ್ಳಿ. ಅದಕ್ಕೆ ಬೇಕಾದ್ರೆ ಎರಡು ಸಹಿ ಹಾಕ್ತೀನಿ."

ಡಾಕ್ಟರ್ ಗಾಂಚೆವ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಹನ್ನೊಂದು ರೋಗಿಗಳಿದ್ದಾರೆ, ಒಬ್ಬರನ್ನೂ ಇವತ್ತು ಸಾಗಿಸಲು ತಾನು ಸಹಿ ಹಾಕುವುದಿಲ್ಲ ಅಂದರು. ಉಸಿರು ಕಟ್ಟಿ ಹಿಂದಿನ ದಿನ ವಾರ್ಡಿಗೆ ಸೇರಿದ್ದ ಮಿತ್ಕೋ ತನ್ನ ಮಂಚದ ಗುಂಡಿ ಒತ್ತಿ ತಲೆ ಪೂರ್ತಿ ಮೇಲೆತ್ತಿಕೊಂಡು, ಅಧ್ಯಕ್ಷರನ್ನು ದಿಟ್ಟಿಸಿ ನೋಡುತ್ತ ಕೂತ.

ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನವೆಂಬರ್ ಕೊನೆಯವರೆಗೆ ಅವಕಾಶ. ಅಷ್ಟರಲ್ಲಿ ಐದನೆಯವಳು ಬಂದರೆ ಸರಿ, ಇಲ್ಲವಾದರೆ ಬೀಗ. ನನ್ನ ಮೇಲೆ ಶಿಸ್ತು ಕ್ರಮವಂತೆ, ಆಗಲಿ.

ಸೆಪ್ಟೆಂಬರ್ 2

ಡೈರೆಕ್ಟರ್ ಜಾಹೀರಾತಿಗೆ ಒಕ್ಕಣೆ ಯೋಚಿಸುತ್ತಿದ್ದಾನಂತೆ. ಯೋಚಿಸುತ್ತಿರಲಿ. ನಾನೇ ಬರೆದು ಮಧ್ಯಾಹ್ನವೇ ಇಸ್ಕ್ರಾಗೆ ಕಳಿಸಿದೆ. ಮ್ಯೂನಿಕ್, ಮಿಲಾನ್, ವಲೆನ್ಸಿಯಾ, ನಮ್ಮವರು ಇರುವ ಕಡೆಗೆಲ್ಲ ಅವಳೂ ಸೆವ್ದಾಳೂ ಸೇರಿ ಹಂಚುತ್ತಾರೆ. ಹೋದ ದಾರಿಯಲ್ಲೇ ಬರಲೂಬಹುದಲ್ಲ, ಅದಕ್ಕೂ ಪರ್ಮಿಟ್ ಬೇಡ. ಬರೆದದ್ದನ್ನು ಇಲ್ಲೂ ಇಳಿಸಿಡುತ್ತೇನೆ:

"ಬ್ರೆಸ್ತಾ ಆಸ್ಪತ್ರೆಗೆ ಒಬ್ಬ ನರ್ಸ್ ಬೇಕಾಗಿದ್ದಾರೆ. ಸಂಬಳ ಕಡಿಮೆ, ಅದಕ್ಕೆ ಜಗಳವಾಡುತ್ತಿದ್ದೇವೆ, ನೀವೂ ಬಂದು ಸೇರಿಕೊಳ್ಳಿ. ಕೆಲಸ ಬಹಳ. ಮಂಚಗಳು ಹೊಸವು. ಬೇರೆ ಕಡೆ ಕಲಿತದ್ದಿದ್ದರೆ ಬಂದು ನಮಗೂ ಕಲಿಸಿ. ಎಷ್ಟು ದಿನ ಇರುತ್ತೀರಿ ಅಂತ ಕೇಳುವುದಿಲ್ಲ. ಡಿಪ್ಲೊಮಾ ನಿಮ್ಮ ಕೈಯಲ್ಲೇ ಇರಲಿ."